ದಾರಿ ಹೇಳುವವನ ಕಲ್ಲು

‘ನಾನು ಇನ್ನೂ ಆಗದೇ ಇರುವುದರ ಬಗ್ಗೆ ಜನರಿಗೆ ಏನೆಂದು ಹೇಳಿಕೊಳ್ಳಲಿ ಸರ್?’ ಎಂದು ಮುಕ್ತಾ ಕೇಳಿದಳು.

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟರು. ಅವರು ನಗರದ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವರು. ಬಂದವರು ಏನನ್ನೇ ಕೇಳಲಿ, ಅದಕ್ಕೆ ಉತ್ತರ ಯಾವ ಪುಸ್ತಕದಲ್ಲಿ ಸಿಕ್ಕೀತು ಎಂದು ಹುಡುಕಿಕೊಡುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ನಂತರವೂ ಮಧ್ಯಾಹ್ನದ ಹೊತ್ತು ಅಲ್ಲಿಗೆ ಬಂದು ಕೂರುತ್ತಿದ್ದರು. ಆ ಕೆಲಸ ಕಲಿಯಬೇಕೆನ್ನುವವರು ಅವರನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದರು. ಮುಕ್ತಾ ಹಾಗೆ ಬಂದವಳು. ಅವಳ ಗ್ರಂಥಾಲಯ ವಿಜ್ಞಾನದ ಓದು ಮುಗಿಯುತ್ತ ಬಂದಿತ್ತು. ಗುರುಗಳು ಕೂತಿದ್ದಂಥ ಮೇಜಿನ ಹಿಂದೆ ತಾನೂ ಒಂದು ದಿನ ಕೂರಬೇಕು ಎಂಬುದು ಅವಳ ಆಸೆ.

ಅವಳು ತನ್ನ ಸಂಕಟವನ್ನು ಬಿಡಿಸಿ ಹೇಳಿದಳು. ತನ್ನದೇ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಲು ಹೊರಟಿದ್ದಳು. ಪರಾಮರ್ಶನದ ಗ್ರಂಥಪಾಲಕಿಯಾಗುವುದು ಹೇಗೆ, ತಾನು ಆ ಕಡೆಗೆ ಹೇಗೆ ನಡೆಯುತ್ತಿದ್ದೇನೆ ಎಂಬುದನ್ನು ಅದರಲ್ಲಿ ಬರೆಯಬೇಕೆಂದಿದ್ದಳು. ಒಂದು ಕಾಲೇಜಿನವರು ಅವಳನ್ನು ಸಂದರ್ಶನಕ್ಕೆ ಕರೆದಿದ್ದರು. ಈಗೆಲ್ಲ ಸಂದರ್ಶನಕ್ಕೆ ಮೊದಲೇ ಅಂತರ್ಜಾಲದಲ್ಲಿ ಹೆಸರು ಹಾಕಿ ಹುಡುಕಿ ನೋಡುತ್ತಾರೆ ಎಂದು ಅವಳ ಗೆಳತಿಯರು ಹೆದರಿಸಿದ್ದರು. ಅಷ್ಟರೊಳಗೆ ವೆಬ್‌ಸೈಟ್ ಸಿದ್ಧವಾಗಬೇಕಿತ್ತು. ಆದರೆ ಮೊದಲ ಪುಟದ ಮೊದಲ ಸಾಲೇ ಅವಳಿಗೆ ಒಲಿಯುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿಕೊಡುತ್ತೇನೆ ಎಂದು ಬರೆದರೆ, ನಾಳೆ ಯಾರಾದರೂ ನಿಜವಾಗಿಯೂ ಬಂದು ಕೇಳಿಯಾರು ಎಂಬ ಭಯ. ಇನ್ನೂ ಕಲಿಯುತ್ತಿದ್ದೇನೆ ಎಂದು ಬರೆದರೆ, ಕಲಿಯುವವಳಿಗೆ ಕೆಲಸ ಯಾರು ಕೊಡುತ್ತಾರೆ ಎಂಬ ಭಯ. ವಿಶ್ವಕೋಶಗಳ ಕಪಾಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಳು. ಅವುಗಳಲ್ಲಿ ಎಷ್ಟನ್ನು ತೆರೆದು ನೋಡಿದ್ದೀಯ ಎಂದು ಯಾರಾದರೂ ಕೇಳಿದರೆ ಎನ್ನಿಸಿ ಅದನ್ನೂ ತೆಗೆದುಹಾಕಿದ್ದಳು. ಬರೆದದ್ದನ್ನು ಅಳಿಸುವುದೇ ಕೆಲಸವಾಗಿತ್ತು. ತರಬೇತಿಗೆಂದು ಮೇಜಿನ ಬಳಿ ಕೂರಿಸಿದಾಗಲೂ, ಯಾರದಾದರೂ ಹೆಜ್ಜೆ ತನ್ನ ಕಡೆ ತಿರುಗಿದರೆ ಸಾಕು, ಅವಳ ಅಂಗೈ ಬೆವರುತ್ತಿತ್ತು.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಕತೆ ಹೇಳಿದರು.

ಒಂದು ಕಡೆ ಮೂರು ದಾರಿಗಳು ಕೂಡುತ್ತಿದ್ದವು. ಅಲ್ಲೊಂದು ಕಲ್ಲುಮಂಟಪವಿತ್ತು. ಮಂಟಪದಲ್ಲಿ ಒಬ್ಬ ಮುದುಕ ಕೂತು ಬಂದುಹೋಗುವವರಿಗೆಲ್ಲ ದಾರಿ ಹೇಳುತ್ತಿದ್ದ. ಅವನು ಕಾಲವಾದ ಮೇಲೆ ಮಂಟಪ ಬರಿದಾಯಿತು. ಸಂತೆಗೆ ಹೊರಟ ಗಾಡಿಗಳು ದಾರಿ ತಪ್ಪಿ ಎಲ್ಲೆಲ್ಲಿಗೋ ಹೋದವು. ಮದುವೆಗೆ ಹೊರಟವರು ಅಕ್ಕಿಕಾಳು ಬಿದ್ದ ಮೇಲೆ ಬಂದರು. ಮಂಟಪದಲ್ಲಿ ಇನ್ನೊಬ್ಬನನ್ನು ಕೂರಿಸಬೇಕೆಂದು ಊರ ಹಿರಿಯರು ತೀರ್ಮಾನಿಸಿದರು.

ಒಬ್ಬ ನೇಕಾರ ತಾನು ಕೂರುತ್ತೇನೆ ಎಂದ. ವಯಸ್ಸು ಇನ್ನೂ ಚಿಕ್ಕದು. ಆದರೆ ಮಾವನ ಜೊತೆ ಸೀರೆಯ ಗಂಟು ಹೊತ್ತು ಊರೂರು ತಿರುಗಿದವನು. ಎಲ್ಲಿ ಕುಡಿಯುವ ನೀರಿದೆ, ಎಲ್ಲಿ ಗಾಡಿಯ ಗಾಲಿ ಹೂಳುತ್ತದೆ, ಎಲ್ಲಿ ಹೊತ್ತು ಮುಳುಗಿದ ಮೇಲೆ ನಡೆಯಬಾರದು ಎಂಬುದು ಅವನಿಗೆ ಗೊತ್ತಿತ್ತು. ಹಿರಿಯರು ಒಪ್ಪಿದರು. ಹುಣ್ಣಿಮೆಗೆ ಬಂದು ನೋಡುತ್ತೇವೆ, ದಾರಿಹೋಕರು ನಿನ್ನನ್ನು ಮೆಚ್ಚಿದರೆ ಜಾಗ ನಿನ್ನದು ಎಂದು ಹೇಳಿ ಹೋದರು.

ಅವನಿಗೆ ಹಿಗ್ಗಾಯಿತು. ಅದರ ಬೆನ್ನಿಗೇ ದಿಗಿಲೂ ಆಯಿತು. ಮುದುಕ ಎಲ್ಲರಿಗೂ ಗೊತ್ತಿದ್ದವನು. ತಾನು ಯಾರೆಂದು ಯಾರಿಗೆ ಗೊತ್ತು? ಮಂಟಪದ ಮುಂದೆ ಒಂದು ಕಲ್ಲು ನಿಲ್ಲಿಸಬೇಕು, ಅದರ ಮೇಲೆ ತನ್ನ ವಿಷಯ ಕೆತ್ತಿಸಬೇಕು ಎಂದುಕೊಂಡ. ಕಲ್ಲುಕುಟಿಗ ಒಂದು ಚಪ್ಪಡಿಯನ್ನು ನುಣುಪು ಮಾಡಿ ತಂದುಕೊಟ್ಟ. ಏನು ಕೆತ್ತಬೇಕೋ ಇದ್ದಿಲಿನಲ್ಲಿ ಬರೆದಿಡು, ಆಮೇಲೆ ಉಳಿ ಹಿಡಿಯುತ್ತೇನೆ ಎಂದ.

ನೇಕಾರ ಮಂಟಪದಲ್ಲಿ ಚಪ್ಪಡಿಯ ಮುಂದೆ ಕೂತ. ಎಲ್ಲ ದಾರಿಗಳನ್ನೂ ಬಲ್ಲವನು ಎಂದು ಬರೆದ. ಯಾರಾದರೂ ತಾನು ಕಾಣದ ದಾರಿ ಕೇಳಿದರೆ ಎನ್ನಿಸಿತು. ಒರೆಸಿದ. ಕೆಲವು ದಾರಿಗಳನ್ನು ಬಲ್ಲವನು ಎಂದು ಬರೆದ. ಓದಿದವರು ನಕ್ಕು ಮುಂದೆ ಹೋಗುತ್ತಾರೆ ಎನ್ನಿಸಿತು. ಅದನ್ನೂ ಒರೆಸಿದ. ಮಾವನ ಹೆಸರು ಹಾಕಿದರೆ ಹೇಗೆ, ತಿರುಗಿದ ಊರುಗಳ ಹೆಸರು ಹಾಕಿದರೆ ಹೇಗೆ ಎಂದು ಯೋಚಿಸಿದ. ಒಂದೊಂದು ಸಲವೂ ಕಲ್ಲು ಇನ್ನಷ್ಟು ಕಪ್ಪಾಯಿತು. ಅವನ ಅಂಗೈಯೂ ಕಪ್ಪಾಯಿತು. ಕಲ್ಲುಕುಟಿಗ ಬಂದು ನೋಡಿ ನೋಡಿ ಹಿಂದಿರುಗುತ್ತಿದ್ದ.

ಮುಕ್ತಾ ತನ್ನ ಅಂಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಇದು ತನ್ನ ಕತೆಯೇ ಅನ್ನಿಸಿತ್ತು ಅವಳಿಗೆ. ಗುರುಗಳು ಅವಳನ್ನು ನೋಡದೆ ಮುಂದುವರಿಸಿದರು.

ಹೀಗೆ ಅವನು ಬರೆಯುತ್ತ ಒರೆಸುತ್ತ ಕೂತಿದ್ದಾಗ ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಗಂಟು. ಮೊಣಕಾಲಿನವರೆಗೆ ಧೂಳು. ಮಂಟಪದಲ್ಲಿ ಮನುಷ್ಯನೊಬ್ಬ ಕೂತದ್ದು ಕಂಡು ಅವಳ ಮುಖ ಹಗುರಾಯಿತು.

‘ತಮ್ಮಾ, ಮಗಳಿಗೆ ದಿನ ತುಂಬಿದೆ. ಇತ್ತ ಹೊಳೆಯೂ ತುಂಬಿದೆ, ಅಂಬಿಗರು ಹರಿಗೋಲು ಇಳಿಸುವುದಿಲ್ಲ ಅನ್ನುತ್ತಾರೆ. ಹೊಳೆ ದಾಟದೆ ಆಚೆ ದಡದ ಊರಿಗೆ ಹೋಗುವ ದಾರಿ ಇದೆಯೇನಪ್ಪಾ?’ ಎಂದಳು.

ಆಚೆ ದಡಕ್ಕೆ ಹೋಗುವ ದಾರಿಗಳು ಅವನಿಗೆ ಗೊತ್ತಿದ್ದವು. ಎಲ್ಲವೂ ಹೊಳೆ ದಾಟುವ ದಾರಿಗಳೇ. ದಾಟದೆ ಹೋಗುವ ದಾರಿ ಇದೆಯೋ ಇಲ್ಲವೋ ಅವನಿಗೆ ತಿಳಿಯದು. ಇದೇ ಮೊದಲ ಪ್ರಶ್ನೆ. ಗೊತ್ತಿಲ್ಲ ಎಂದರೆ, ಮಂಟಪದಲ್ಲಿ ಕೂತವನಿಗೆ ದಾರಿ ಗೊತ್ತಿಲ್ಲ ಎಂದು ಇವಳು ಹೋದಲ್ಲೆಲ್ಲ ಹೇಳುತ್ತಾಳೆ. ಆ ಮಾತು ಹಿರಿಯರ ಕಿವಿಗೂ ಬೀಳುತ್ತದೆ.

‘ಕಲ್ಲು ಇನ್ನೂ ನಿಂತಿಲ್ಲ ತಾಯಿ. ನಾನು ಇಲ್ಲಿ ಇನ್ನೂ ಕೂತವನಲ್ಲ’ ಎಂದ.

ಅವಳು ಕಲ್ಲನ್ನು ನೋಡಿದಳು. ಅವನನ್ನು ನೋಡಿದಳು. ಹೌದೇನಪ್ಪಾ ಎಂದು ತಲೆಯ ಮೇಲಿನ ಗಂಟನ್ನು ಸರಿಮಾಡಿಕೊಂಡಳು. ಮೂರು ದಾರಿಗಳನ್ನೂ ಕಣ್ಣಳತೆಯಲ್ಲಿ ನೋಡಿ, ತೆಂಕಣ ದಾರಿ ಹಿಡಿದು ಹೋದಳು.

ಆ ದಿನ ಊರಿನಲ್ಲಿ ಯಾರು ನಕ್ಕರೂ ತನ್ನನ್ನು ಕುರಿತೇ ನಕ್ಕಂತೆ ಕೇಳಿಸಿತು. ಹುಣ್ಣಿಮೆ ಹತ್ತಿರವಾಗುತ್ತಿತ್ತು. ಅದೇ ಪ್ರಶ್ನೆಯನ್ನು ಹಿರಿಯರ ಎದುರಿಗೆ ಇನ್ನೊಬ್ಬರು ಕೇಳಿದರೆ ಏನು ಗತಿ? ಅವನಿಗೆ ಮಂಟಪದಲ್ಲಿ ಕೂರಲಾಗಲಿಲ್ಲ. ಇದ್ದಿಲನ್ನು ಎಸೆದು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ಕಂಡವರನ್ನೆಲ್ಲ ಕೇಳಿದ. ಬಳೆಗಾರರನ್ನು ಕೇಳಿದ, ಉಪ್ಪು ಮಾರುವವರನ್ನು ಕೇಳಿದ. ಮೊದಮೊದಲು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಹೇಳುತ್ತ ಹೇಳುತ್ತ ರೂಢಿಯಾಯಿತು. ಯಾರೂ ನಗಲಿಲ್ಲ. ಕೆಲವರು ತಮಗೂ ತಿಳಿಯದು ಎಂದರು. ಕೆಲವರು ಮಜ್ಜಿಗೆ ಕೊಟ್ಟು, ತಿಳಿದವರು ಇರುವ ಕಡೆಗೆ ಕೈ ತೋರಿಸಿದರು. ಕಡೆಗೆ ಒಂದು ಕುರಿಹಟ್ಟಿಯಲ್ಲಿ ಅವನಿಗೆ ದಾರಿ ಸಿಕ್ಕಿತು. ಮಂಟಪದಿಂದ ಬಡಗಣ ದಾರಿ ಹಿಡಿದು ಸ್ವಲ್ಪ ದೂರ ಹೋದರೆ ಒಂದು ಕಾಲುದಾರಿ ಒಡೆಯುತ್ತಿತ್ತು. ಹೊಳೆ ಹುಟ್ಟುವ ಗುಡ್ಡದ ಬೆನ್ನು ಬಳಸಿ ಅದು ಆಚೆ ದಡಕ್ಕೆ ಇಳಿಯುತ್ತಿತ್ತು. ಎಂಥ ಮಳೆಗಾಲದಲ್ಲೂ ಕುರಿಗಳು ಆ ದಾರಿಯಲ್ಲಿ ಹೋಗಿ ಬರುತ್ತಿದ್ದವು. ಅವನು ತಾನೂ ಹೋಗಿ ನೋಡಿ ಬಂದ.

ಹುಣ್ಣಿಮೆಯ ದಿನ ಹಿರಿಯರು ಬಂದು ಮಂಟಪದಲ್ಲಿ ಕೂತರು. ಒಬ್ಬ ವರ್ತಕ ಎತ್ತುಗಳನ್ನು ಹೊಡೆದುಕೊಂಡು ಬಂದ. ಆ ಎತ್ತುಗಳ ಮೇಲೆ ಬೆಲ್ಲದ ಹೇರಿತ್ತು. ಅವನು ಕೇಳಿದ ಊರಿನ ಹೆಸರನ್ನು ನೇಕಾರ ಹಿಂದೆಂದೂ ಕೇಳಿದವನಲ್ಲ. ಹಿರಿಯರು ನೋಡುತ್ತಿದ್ದರು. ಅವನು ಎದ್ದು ನಿಂತ. ನನಗೆ ಗೊತ್ತಿಲ್ಲ ಯಜಮಾನರೇ, ಗೊತ್ತಿದ್ದವರನ್ನು ಕೇಳೋಣ ಬನ್ನಿ ಎಂದು ವರ್ತಕನ ಜೊತೆ ತಾನೂ ನಡೆದ. ಹೊತ್ತು ಇಳಿಯುವ ಮೊದಲೇ ವರ್ತಕನಿಗೆ ದಾರಿ ಸಿಕ್ಕಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಮಂಟಪ ಅವನದಾಯಿತು.

ಅವನು ಕಲ್ಲನ್ನು ಚೆನ್ನಾಗಿ ತೊಳೆದ. ಈ ಸಲ ಯೋಚಿಸಬೇಕಾಗಲಿಲ್ಲ, ಒರೆಸಬೇಕಾಗಲಿಲ್ಲ. ಒಂದೇ ಒಂದು ಸಾಲು ಬರೆದ. ಕಲ್ಲುಕುಟಿಗ ಅದನ್ನು ಕೆತ್ತಿ ನಿಲ್ಲಿಸಿದ. ಓದಬಲ್ಲವರು ಓದಿ ಓದಲಾರದವರಿಗೆ ಹೇಳುತ್ತಿದ್ದರು. ಕೇಳಿದವರು ಹೊರೆ ಇಳಿಸಿ, ಬೆವರು ಒರೆಸಿಕೊಂಡು, ಅವನ ಎದುರಿಗೆ ಕೂರುತ್ತಿದ್ದರು. ಆ ಮಂಟಪದ ಹೆಸರು ದೂರದೂರದ ಊರುಗಳಲ್ಲಿ ಕೇಳಿಬಂತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ಮುಕ್ತಾಳಿಗೆ ಎಷ್ಟೋ ದಿನಗಳ ಮೇಲೆ ಉಸಿರು ಸಲೀಸಾದಂತೆ ಅನ್ನಿಸಿತು. ಗೊತ್ತಿಲ್ಲ ಎನ್ನುವುದರಲ್ಲಿ ಅವಮಾನವಿಲ್ಲ. ಅದನ್ನು ಮುಚ್ಚಿಟ್ಟುಕೊಂಡದ್ದರಿಂದಲೇ ಇಷ್ಟು ದಿನ ಅಂಗೈ ಬೆವರುತ್ತಿತ್ತು. ಕಾಲೇಜಿನವರು ನಾಳೆ ಏನು ಕೇಳಿದರೂ ತಾನು ಹೀಗೇ ಎದ್ದು ನಿಲ್ಲಬಲ್ಲೆ ಎಂಬ ಧೈರ್ಯ ಬಂತು. ತನ್ನ ವೆಬ್‌ಸೈಟಿನ ಮೊದಲ ಪುಟ ಅವಳ ಕಣ್ಣ ಮುಂದೆ ನಿಂತಿತು. ಮೇಲೆ ತನ್ನ ಹೆಸರು, ಕೆಳಗೆ ಒಂದೇ ಸಾಲು. ಇನ್ನು ಆ ಸಾಲೊಂದು ಸಿಕ್ಕರೆ ಆಯಿತು. ಅವಳು ಚೀಲದಿಂದ ಪೆನ್ನು ತೆಗೆದುಕೊಂಡು ಮುಂದೆ ಬಾಗಿದಳು.

‘ಅವನು ಕೊನೆಗೆ ಕಲ್ಲಿನ ಮೇಲೆ ಏನು ಬರೆದ ಸರ್?’ ಎಂದು ಕೇಳಿದಳು.

ಗುರುಗಳು ಅವಳ ಕೈಯಲ್ಲಿದ್ದ ಪೆನ್ನನ್ನು ನೋಡಿದರು.

‘ಆ ತಾಯಿ ಮಗಳ ಮನೆ ಮುಟ್ಟಿದಳೇ ಎಂದು ನೀನು ಕೇಳಲಿಲ್ಲ’ ಎಂದರು.