ಮುಟ್ಟದೆ ಹೋದ ಬೈಗುಳ

"ಗುರುಗಳೇ, ಒರಟು ಮಾತನ್ನು ನಯ ಮಾಡಿ ಮುಟ್ಟಿಸಿದರೆ ತಪ್ಪೇ?"

ಶಿಷ್ಯ ಕೇಳಿದ. ಮಧ್ಯಾಹ್ನದಿಂದ ಅವನು ಕೂತಲ್ಲಿ ಕೂತಿರಲಿಲ್ಲ. ಕಸವಿಲ್ಲದ ಅಂಗಳವನ್ನು ಎರಡು ಸಲ ಗುಡಿಸಿದ್ದ. ತುಂಬಿದ ಕೊಡಕ್ಕೆ ನೀರು ಸೇದಿದ್ದ.

ಕಾರಣ ಇತ್ತು. ಚನ್ನವೀರ ಎಂಬ ಹಿರಿಯ ಶಿಷ್ಯ ನಾಲ್ಕು ವರ್ಷದ ಹಿಂದೆ ಮುನಿಸಿಕೊಂಡು ಮಠ ಬಿಟ್ಟು ಹೋಗಿದ್ದ. ಈಗ ಏನೋ ಕೆಲಸಕ್ಕೆ ಹತ್ತಿರದ ಪೇಟೆಗೆ ಬಂದಿದ್ದ. ಸಂಜೆ ಐದರ ಬಸ್ಸಿಗೆ ಹಿಂದಿರುಗುವವನಿದ್ದ. ಮಠಕ್ಕೆ ಬರಬಹುದೇ ಎಂದು ಕೇಳಿ ಕಳಿಸಿದ್ದ. ಗುರುಗಳು ಬೆಳಿಗ್ಗೆ ಈ ಶಿಷ್ಯನ ಬಾಯಲ್ಲಿ ಉತ್ತರ ಕಳಿಸಿದರು.

"ಆ ಕತ್ತೆಗೆ ಹೇಳು. ಅವನ ಚಾಪೆ ದಿನಾ ನನ್ನ ಕಾಲಿಗೆ ತೊಡರುತ್ತಿದೆ. ಬಂದು ಎತ್ತಲಿ."

ಶಿಷ್ಯ ಹೋದ. ಒಬ್ಬನೇ ತಿರುಗಿ ಬಂದ. ಗುರುಗಳು ಏನೂ ಕೇಳಲಿಲ್ಲ. ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಶಿಷ್ಯನ ಪ್ರಶ್ನೆ ಬಂದಾಗಲೂ ಕೈ ನಿಲ್ಲಿಸಲಿಲ್ಲ.

"ಕೂತುಕೋ" ಎಂದರು.

ಶಿಷ್ಯ ಕೂತ. ಅಂಗಳದ ನೆರಳು ನೋಡಿದ. ಮೂರು ಗಂಟೆ ಆಗಿತ್ತು.

ಗುರುಗಳು ಕತೆ ಹೇಳಿದರು.

ಪಟ್ಟಣದಲ್ಲಿ ಒಂದು ಕಚೇರಿ ಇತ್ತು. ಕಿವುಡರ ಮಾತನ್ನು ಕಿವಿಯಿದ್ದವರಿಗೆ, ಕಿವಿಯಿದ್ದವರ ಮಾತನ್ನು ಕಿವುಡರಿಗೆ ಫೋನಿನಲ್ಲಿ ದಾಟಿಸುವುದು ಅಲ್ಲಿಯ ಕೆಲಸ. ಒಬ್ಬ ಹೆಂಗಸು ಅಲ್ಲಿ ಕೆಲಸಕ್ಕೆ ಸೇರಿದಳು. ಕಿವುಡ ತನ್ನ ಯಂತ್ರದಲ್ಲಿ ಅಕ್ಷರ ಒತ್ತುತ್ತಾನೆ. ಅದು ಅವಳ ಮುಂದಿನ ಪರದೆಯ ಮೇಲೆ ಮೂಡುತ್ತದೆ. ಅವಳು ಅದನ್ನು ಓದಿ ಫೋನಿನಲ್ಲಿ ಹೇಳುತ್ತಾಳೆ. ಆಚೆಯವರು ಆಡಿದ್ದನ್ನು ಅಕ್ಷರ ಮಾಡಿ ಕಿವುಡನಿಗೆ ಕಳಿಸುತ್ತಾಳೆ. ಅವನು ಓದಿಕೊಳ್ಳುತ್ತಾನೆ. ಇಷ್ಟೇ.

ಮೊದಲ ದಿನ ಮೇಲ್ವಿಚಾರಕ ಅವಳಿಗೆ ನಿಯಮ ಹೇಳಿದ.

"ಅವನು 'ನಾನು' ಅಂದರೆ ನೀವೂ 'ನಾನು' ಅನ್ನಬೇಕು. 'ಅವರು ಹೀಗೆ ಹೇಳುತ್ತಿದ್ದಾರೆ' ಅನ್ನುವಂತಿಲ್ಲ. ಫೋನಿನಲ್ಲಿ ನಾಯಿ ಬೊಗಳಿದ್ದು ಕೇಳಿದರೆ ನಾಯಿ ಬೊಗಳಿತು ಅಂತ ಬರೆಯಿರಿ. ಅತ್ತರೆ ಅಳುತ್ತಿದ್ದಾರೆ ಅಂತ ಬರೆಯಿರಿ. ಸುಮ್ಮನಿದ್ದರೆ ಸುಮ್ಮನಿದ್ದಾರೆ ಅಂತ ಬರೆಯಿರಿ. ನಿಮ್ಮದು ಒಂದಕ್ಷರ ಸೇರಿಸಬೇಡಿ. ಅವರದು ಒಂದಕ್ಷರ ತೆಗೆಯಬೇಡಿ."

"ಬೈದರೆ?" ಎಂದಳು ಅವಳು.

"ಬೈಯಿರಿ. ಸಂಬಳ ಅದಕ್ಕೇ."

ಅವಳು ಬಾಯಲ್ಲಿ ಕೆಟ್ಟ ಮಾತು ಬಂದರೆ ನಾಲಗೆಗೆ ಉಪ್ಪು ಸವರುವ ಮನೆಯಲ್ಲಿ ಬೆಳೆದವಳು. ಒಂದು ತಿಂಗಳು ಹೇಗೋ ನಿಯಮ ಪಾಲಿಸಿದಳು. ಆಮೇಲೆ ಒಂದು ದಿನ ಒಬ್ಬ ಕಿವುಡ ಬಡಗಿಗೆ ಒಬ್ಬ ಗುತ್ತಿಗೆದಾರ ಉತ್ತರ ಹೇಳಿದ: "ನೀನು ಕೂರಿಸಿದ ಬಾಗಿಲು ಸೊಟ್ಟ. ನಿನ್ನ ತಲೆಯೂ ಸೊಟ್ಟ." ಅವಳ ಬೆರಳು ತಡೆಯಿತು. "ಬಾಗಿಲು ಸ್ವಲ್ಪ ಸೊಟ್ಟಗಿದೆ, ದಯವಿಟ್ಟು ಬಂದು ನೋಡಿ" ಎಂದು ಬರೆದಳು. ಬಡಗಿ ಅಂದೇ ಹೋಗಿ ಸರಿ ಮಾಡಿದ. ಇಬ್ಬರೂ ಸಂತೋಷಪಟ್ಟರು. ಬಡಗಿ ಆಮೇಲೂ ಅವನಿಗೆ ಹತ್ತು ಬಾಗಿಲು ಮಾಡಿಕೊಟ್ಟ.

ಅಂದಿನಿಂದ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮಾತಿನಲ್ಲಿ ಕಲ್ಲು ಆರಿಸಿದಳು. ಯಾರೂ ದೂರಲಿಲ್ಲ. ತನ್ನಿಂದ ಊರಿನಲ್ಲಿ ನಾಲ್ಕು ಜಗಳ ಕಡಿಮೆಯಾಯಿತು ಎಂದುಕೊಂಡಳು. ಅದು ಸುಳ್ಳೂ ಅಲ್ಲ.

"ಹಾಗಾದರೆ ಒಳ್ಳೆಯದೇ ಆಯಿತಲ್ಲ, ಗುರುಗಳೇ?" ಶಿಷ್ಯನಿಗೆ ಉಸಿರು ಬಂದ ಹಾಗಾಯಿತು.

"ಬಡಗಿಗೆ ಆಯಿತು" ಎಂದರು ಗುರುಗಳು. "ಕತೆ ಮುಗಿದಿಲ್ಲ."

ಒಂದು ದಿನ ಒಬ್ಬ ನೇಕಾರ ಕಿವುಡರ ಸಂಘದ ಯಂತ್ರದಿಂದ ಕರೆ ಮಾಡಿದ. ಹುಟ್ಟು ಕಿವುಡ. ತಾಯಿ ಇಲ್ಲದವನನ್ನು ಅಕ್ಕ ಸಾಕಿದ್ದಳು. ಅವಳು ರೊಟ್ಟಿ ಬಡಿದು ಮಾರುವವಳು. ಆರು ವರ್ಷದ ಹಿಂದೆ ಅವಳ ಮಗಳ ಮದುವೆಯಲ್ಲಿ ತಮ್ಮನನ್ನು ಬೀಗರ ಸಾಲಿನಲ್ಲಿ ಕೂರಿಸದೆ ಅಡುಗೆಯ ಉಸ್ತುವಾರಿಗೆ ನಿಲ್ಲಿಸಿದಳು. ಮನೆಯವನೆಂದು ಅವಳು ನಿಲ್ಲಿಸಿದ್ದಳು. ಕಿವುಡನೆಂದು ನಿಲ್ಲಿಸಿದಳು ಎಂದು ಅವನು ತಿಳಿದ. ಊಟ ಮಾಡದೆ ಎದ್ದು ಹೋದವನು ಮತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅವನು ಮೊದಲು ಕಚೇರಿಯವಳಿಗೇ ಬರೆದ: "ಅಕ್ಕನಿಗೆ ಫೋನು ಹಚ್ಚಿರಿ. ನಾಳೆ ಬೆಳಿಗ್ಗೆ ದೂರದೂರಿನ ಗಿರಣಿಗೆ ಹೊರಟಿದ್ದೇನೆ. ನಾನು ಅವಳಿಗೆ ಇನ್ನೂ ಬೇಕಾಗಿದ್ದರೆ ಹೋಗುವುದಿಲ್ಲ. ಬೇಡವಾಗಿದ್ದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕೇಳುವುದು ಇದೊಂದೇ ಸಲ."

ಕಚೇರಿಯವಳು ಅದನ್ನು ಎರಡು ಸಲ ಓದಿದಳು. ಹೇಗಾದರೂ ಇವರನ್ನು ಕೂಡಿಸಬೇಕು ಎಂದುಕೊಂಡಳು. ಫೋನು ಹಚ್ಚಿದಳು. ಅಕ್ಕ ಎತ್ತಿದಳು. ಕಿವುಡರ ಪರವಾಗಿ ಬಂದ ಕರೆ ಎಂದು ತಿಳಿಸಿ, ಪರದೆಯ ಮೇಲಿದ್ದುದನ್ನು ಓದಿದಳು.

"ಅಕ್ಕಾ, ನಾನು. ನಿನ್ನ ತಮ್ಮ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಏನೋ ಕೆಳಗೆ ಬಿತ್ತು. ಆಮೇಲೆ ಅಕ್ಕ ಚೀರಿದಳು.

"ಏ ಖೋಡಿ! ಆರು ವರ್ಷ ಯಾವ ಬಾವ್ಯಾಗ ಬಿದ್ದಿದ್ದಿ? ನಾಚಿಕಿ ಇಲ್ಲೇನು ನಿನಗ? ನೀ ಉಣ್ಣೋ ಗಂಗಾಳ ದಿನಾ ಬೆಳಗಿ ಬೆಳಗಿ ನನ್ನ ಕೈ ಸವದಾವು. ಬಾ ಮನಿಗೆ, ಬಾ! ಬಂದಿ ಅಂದ್ರ ಕಟ್ಟಿಗಿ ತಗೊಂಡು ಬಡೀತೀನಿ ನಿನ್ನ!"

ಬೈಯುತ್ತಲೇ ಅಳುತ್ತಿದ್ದಳು.

ಕಚೇರಿಯವಳು ಹೆದರಿದಳು. ಮೊದಲೇ ನೊಂದವನು. ಇದನ್ನು ಓದಿದರೆ ಮುಗಿಯಿತು ಎಂದುಕೊಂಡಳು. ಕಲ್ಲು ಆರಿಸಿದಳು. ಬರೆದಳು: "ಬಹಳ ದಿನವಾಯಿತು. ಹೇಗಿದ್ದೀ? ಅನುಕೂಲವಾದಾಗ ಮನೆಗೆ ಬಂದು ಹೋಗು."

ಅಳುವಿನ ಮಾತನ್ನೂ ಬರೆಯಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ನೋವಾದೀತು ಎಂದು ಬಿಟ್ಟಳು.

ತಮ್ಮ ಓದಿದ. ಅವನು ಅಕ್ಕನ ಬೈಗುಳವನ್ನು ಅವಳ ತುಟಿಯ ಮೇಲೆ ಓದುತ್ತ ಬೆಳೆದವನು. ಸಾಲೆಯಿಂದ ತಡವಾಗಿ ಬಂದರೆ ಬೈಗುಳ. ಜ್ವರ ಬಂದರೆ ಬೈಗುಳ. ಮೊದಲ ಸೀರೆ ನೇಯ್ದು ತಂದುಕೊಟ್ಟ ದಿನವೂ ಬೈಗುಳ. ಹೇಗಿದ್ದೀ ಎಂದು ಅವಳು ಕೇಳುತ್ತಿದ್ದುದು ರೊಟ್ಟಿ ಕೊಳ್ಳಲು ಬಂದವರನ್ನು ಮಾತ್ರ.

ಪರದೆ ಬಹಳ ಹೊತ್ತು ಖಾಲಿ ಇತ್ತು. ಆಮೇಲೆ ಅಕ್ಷರ ಮೂಡಿತು: "ಸರಿ. ಚೆನ್ನಾಗಿರು."

ಕಚೇರಿಯವಳು ಅದನ್ನು ಓದಿ ಹೇಳಿದಳು. ಅಷ್ಟರಲ್ಲಿ ಅವನು ಕರೆ ಮುಗಿಸಿದ್ದ. ಅಕ್ಕ ಇನ್ನೂ ಮಾತಾಡುತ್ತಲೇ ಇದ್ದಳು. ಯಾವಾಗ ಬರ್ತಿ, ಏನು ಮಾಡಿಡಲಿ ಎಂದು ಕೇಳುತ್ತಿದ್ದಳು. ಅದನ್ನು ಬರೆದು ಕಳಿಸಲು ಆ ಕಡೆ ಯಾರೂ ಇರಲಿಲ್ಲ.

ಕರೆ ಮುಗಿದ ಮೇಲೆ ತಾನಾಗಿ ಯಾರಿಗೂ ಫೋನು ಮಾಡುವಂತಿಲ್ಲ. ಅದೂ ನಿಯಮ. ಆ ದಿನ ಕಚೇರಿಯವಳು ಇನ್ನೂ ಇಪ್ಪತ್ತು ಜನರ ಮಾತು ದಾಟಿಸಿದಳು. ಎದ್ದಳು, ಕೂತಳು, ನೀರು ಕುಡಿದಳು. ಮನೆಗೆ ಹೋದಳು. ಒಲೆಯ ಮೇಲೆ ಹಾಲಿಟ್ಟು ಎದುರಿಗೇ ನಿಂತು ಉಕ್ಕಿಸಿದಳು. ತಾನು ಮಾಡಿದ್ದು ಒಳ್ಳೆಯದಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಮತ್ತೆ ಹೇಳಿಕೊಳ್ಳಬೇಕಾಯಿತು.

ಮರುದಿನ ಮಧ್ಯಾಹ್ನ ಅಕ್ಕನೇ ಕಚೇರಿಗೆ ಫೋನು ಮಾಡಿದಳು. ತಮ್ಮನ ಮಾತು ಹೇಳಿದ ದನಿಯನ್ನು ಗುರುತು ಹಿಡಿದು ಕೇಳಿದಳು.

"ಯವ್ವಾ, ನಿನ್ನೆ ಅಷ್ಟು ಬೈದೆ. ಆದರೂ ಬರಲಿಲ್ಲಲ್ಲ ಅಂವ?"

ಕಚೇರಿಯವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಬೈದದ್ದನ್ನು ನಾನು ಬರೆಯಲಿಲ್ಲ, ಅಮ್ಮಾ. ಸಮಾಧಾನದ ಮಾತು ಬರೆದೆ."

ಅಕ್ಕ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ಅದೊಂದೇ ಸಲ ಇರಬೇಕು.

"ಹಂಗಾರ ನಿನ್ನೆ ಅವನ ಜೋಡಿ ಮಾತಾಡಿದವರು ಯಾರು?" ಎಂದು ಕೇಳಿದಳು.

ಕಚೇರಿಯವಳು ನಿಯಮ ಮುರಿದು ಸಂಘಕ್ಕೆ ಫೋನು ಮಾಡಿದಳು. ನೇಕಾರ ಬೆಳಗಿನ ರೈಲಿಗೆ ಹೋಗಿದ್ದ. ಯಾವ ಊರು ಎಂದು ಯಾರಿಗೂ ಹೇಳಿ ಹೋಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಆಗಿತ್ತು.

ಶಿಷ್ಯನಿಗೆ ಬೆಳಿಗ್ಗೆ ತಾನಾಡಿದ ಮಾತು ನೆನಪಾಯಿತು. "ಗುರುಗಳು ಆಶೀರ್ವಾದ ತಿಳಿಸಿದ್ದಾರೆ. ಅನುಕೂಲವಾದಾಗ ತಾವು ಬರಬಹುದಂತೆ." ಚನ್ನವೀರ ಅದನ್ನು ಕೇಳಿ, ಕೈ ಮುಗಿದು, ಚೀಲದ ಬಾಯಿ ಕಟ್ಟಿದ್ದ.

ಶಿಷ್ಯ ಒಳಗೆ ನೋಡಿದ. ಬಾಗಿಲ ಬಲಕ್ಕೆ ಚನ್ನವೀರನ ಚಾಪೆ ಇತ್ತು. ನಾಲ್ಕು ವರ್ಷದಿಂದ ಶಿಷ್ಯ ಅದನ್ನು ದಾಟಿಕೊಂಡೇ ಓಡಾಡಿದ್ದ. ಅದು ಸುತ್ತಿಟ್ಟದ್ದಲ್ಲ, ಹಾಸಿದ್ದು ಎಂಬುದನ್ನು ಈಗ ಕಂಡ.

ಅಂಗಳದ ನೆರಳು ತುಳಸಿಕಟ್ಟೆ ಮುಟ್ಟಿತ್ತು. ನಾಲ್ಕು ದಾಟಿತ್ತು.

"ಕತ್ತೆ ಎಂದು ಹೇಳಿ ಕಳಿಸಿದ್ದೆ," ಎಂದರು ಗುರುಗಳು, "ಅವನಿಗೆ ಮುಟ್ಟಿತೋ, ನಿನ್ನಲ್ಲೇ ಉಳಿಯಿತೋ?"

ಶಿಷ್ಯ ಎದ್ದು ಪೇಟೆಯ ದಾರಿಯಲ್ಲಿ ಓಡಿದ.