ಹಿತ್ತಾಳೆ ಸರಪಳಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಗುರುಮಲ್ಲಪ್ಪನವರು. ಅವರು ಹೇಳಿದ ಹಾಗೇ ಹೇಳುತ್ತೇನೆ.

ಹೊಳೆದಂಡೆಯ ಆಶ್ರಮವೊಂದರಲ್ಲಿ ಒಬ್ಬ ಗುರುಗಳಿದ್ದರು. ನಿಜಗುಣ ಎಂಬ ಶಿಷ್ಯ ಅವರಲ್ಲಿಗೆ ಬಂದುಹೋಗುತ್ತಿದ್ದ. ಸಂಸಾರಸ್ಥ. ಪಟ್ಟಣದ ಕನ್ನಡಕದ ಅಂಗಡಿಯಲ್ಲಿ ಕೆಲಸ, ಬಾಡಿಗೆ ಮನೆಯಲ್ಲಿ ವಾಸ.

ಅವನ ಹೆಂಡತಿ ದಾಕ್ಷಾಯಿಣಿಯ ಬಳಿ ತವರಿನ ಉಯ್ಯಾಲೆಯ ಹಿತ್ತಾಳೆ ಸರಪಳಿ ಇತ್ತು. ಮದುವೆಯಾದಾಗಿನಿಂದ ಅದು ಗೋಣಿಚೀಲದಲ್ಲೇ ಮನೆಯಿಂದ ಮನೆಗೆ ಹೋಗುತ್ತಿತ್ತು. ಸೂರಿಗೆ ಕೊಂಡಿ ಹೊಡೆಯಲು ಯಾವ ಮಾಲೀಕನೂ ಒಪ್ಪಿರಲಿಲ್ಲ. ಒಮ್ಮೊಮ್ಮೆ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ಕಂಡ ದಿನ ನಿಜಗುಣನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ಇಬ್ಬರೂ ಬಂದು ಕೈಮುಗಿದರು.

"ಬುದ್ಧಿ, ಒಂದು ಮನೆ ಮಾರಾಟಕ್ಕಿದೆ. ನಡುಮನೆಯಲ್ಲಿ ತೇಗದ ತೊಲೆ, ಇವಳ ತವರಿನ ಸರಪಳಿಯ ಉಯ್ಯಾಲೆಗೆಂದೇ ಹೇಳಿ ಮಾಡಿಸಿದ ಹಾಗಿದೆ. ಮನೆ ಅಡವಿಟ್ಟುಕೊಂಡು ಸಾಲ ಕೊಡುವವರು ಇಬ್ಬರಿದ್ದಾರೆ. ಯಾರನ್ನು ನಂಬಲಿ?"

"ಯಾರ್ಯಾರು?"

"ಒಬ್ಬರು ಶಿವಬಸಪ್ಪ ಸಾಹುಕಾರರು. ನಿಮ್ಮ ಭಕ್ತರೇ. ಹಣೆ ತುಂಬ ವಿಭೂತಿ. ಕೇಳಿದಷ್ಟೂ ಕೊಡುತ್ತಾರಂತೆ. ಇನ್ನೊಬ್ಬರು ಸಹಕಾರ ಸಂಘದ ಕಾರ್ಯದರ್ಶಿ ಯಶೋದಮ್ಮ. ಮುಖ ಗಂಟಿಕ್ಕಿಕೊಂಡೇ ಮಾತಾಡುತ್ತಾರೆ. ನನ್ನ ಮನಸ್ಸೇನೋ ಸಾಹುಕಾರರ ಕಡೆಗಿದೆ."

"ಇವರಿಗೆ ವಿಭೂತಿ ಕಂಡರೆ ಸಾಕು ಬುದ್ಧಿ," ಅಂದಳು ದಾಕ್ಷಾಯಿಣಿ. "ಸುಣ್ಣ ಹೊಡೆದ ಗೋಡೆಗೂ ಅಡ್ಡಬೀಳ್ತಾರೆ."

ಗುರುಗಳು ನಕ್ಕರು. "ನಾಳೆ ಸರಪಳಿ ತಾ. ಈ ಹೊಂಗೆ ಕೊಂಬೆಗೆ ಉಯ್ಯಾಲೆ ಕಟ್ಟು. ತಾಯಿ ಒಂದು ಸಲ ಕೂತು ತೂಗಲಿ."

ಮಾರನೆಯ ದಿನ ನಿಜಗುಣ ಉಯ್ಯಾಲೆ ಕಟ್ಟಿದ. ದಾಕ್ಷಾಯಿಣಿ ಕೂರಲು ಬಂದಳು.

"ತಡಿ, ತಡಿ," ಎಂದವನೇ ಸರಪಳಿ ಹಿಡಿದು ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದ. ಕೊಂಬೆ ಕಿರುಗುಟ್ಟಿತು. ಮುರಿಯಲಿಲ್ಲ.

"ಯಾಕಪ್ಪ ಜೋತುಬಿದ್ದೆ?"

"ಕೂರುವವಳು ಇವಳು, ಬುದ್ಧಿ. ಕೊಂಬೆ ತಡೆಯುತ್ತದೋ ಇಲ್ಲವೋ ನೋಡಬೇಡವೇ?"

"ಕೊಂಬೆಗೆ ಸಿಟ್ಟು ಬಂತೇ?"

"ಇಲ್ಲ."

"ಹೋಗು. ಆ ಇಬ್ಬರ ಮೇಲೂ ಹೀಗೇ ಭಾರ ಹಾಕಿ ನೋಡಿ ಬಾ."

ದಾರಿಯುದ್ದಕ್ಕೂ ನಿಜಗುಣ ಯೋಚಿಸಿದ. ಭಾರ ಬೀಳುವುದು ಯಾವಾಗ? ಕಂತು ಕಟ್ಟಲಾಗದ ದಿನ. ಆ ದಿನ ಬಂದರೆ ಏನು ಮಾಡುತ್ತೀರಿ ಎಂದು ಸಾಹುಕಾರರಲ್ಲಿ ಕೇಳಿದ.

"ಶುಭಕಾರ್ಯಕ್ಕೆ ಹೊರಟು ಎಂಥ ಮಾತಾಡ್ತೀಯೋ! ಒಂದೇ ಗುರುವಿನ ಮಕ್ಕಳು ನಾವು. ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

"ಹಾಗಲ್ಲ ಯಜಮಾನರೇ. ಕಾಗದವನ್ನಾದರೂ ಮನೆಗೆ ಒಯ್ದು ಓದಲೇ?"

"ಸಹಿ ಆಗಲಿ, ಆಮೇಲೆ ಕೂತು ಓದುವೆಯಂತೆ."

ಯಶೋದಮ್ಮನಲ್ಲೂ ಕೇಳಿದ. ಆಕೆ ಮುಖವೆತ್ತಿ ನೋಡಿದರು.

"ಮೊದಲೇ ಬಂದು ಹೇಳಿದರೆ ಗಡುವು ಕೊಡ್ತೀವಿ. ಬಡ್ಡಿ ಮಾತ್ರ ನಿಲ್ಲಲ್ಲ. ಮುಖ ಮರೆಸಿಕೊಂಡರೆ ನೋಟಿಸು. ಆಮೇಲೂ ಕಟ್ಟದಿದ್ದರೆ ಮನೆ ಹರಾಜು. ಕಾಗದ ತಗೊಂಡು ಹೋಗಿ, ತಿಳಿದವರ ಹತ್ತಿರ ಓದಿಸಿ. ಇನ್ನೊಂದು ಮಾತು. ನಿಮ್ಮ ಸಂಬಳಕ್ಕೆ ಆ ಮನೆ ಭಾರ. ಅಷ್ಟು ನಾನು ಕೊಡಲ್ಲ. ಚಿಕ್ಕದು ನೋಡಿ."

ಸಂಜೆ ಅವನು ಹಿಂತಿರುಗಿದಾಗ ದಾಕ್ಷಾಯಿಣಿ ಕಣ್ಣುಮುಚ್ಚಿ ತೂಗುತ್ತಿದ್ದಳು. ನಿಜಗುಣ ಮರದ ಬುಡದಲ್ಲಿ ಕೂತ.

"ಯಾವ ಕೊಂಬೆ ಗಟ್ಟಿ ಅಂತ ತಿಳೀತು ಬುದ್ಧಿ. ಆದರೆ ಆಯಮ್ಮ ಕೊಡುವ ದುಡ್ಡಿಗೆ ಬರುವುದು ಶೀಟು ಹೊದಿಸಿದ ಎರಡು ಕೋಣೆ. ಅಲ್ಲಿ ತೊಲೆಯೇ ಇಲ್ಲ."

ದಾಕ್ಷಾಯಿಣಿ ಕಣ್ಣುಬಿಟ್ಟಳು. ಕಾಲೂರಿ ಉಯ್ಯಾಲೆ ನಿಲ್ಲಿಸಿದಳು. ಇಳಿದು ತಾನೇ ಸರಪಳಿ ಬಿಚ್ಚತೊಡಗಿದಳು.

"ಚಿಕ್ಕದೇ ಇರಲಿ. ಯಾರೂ ಎಬ್ಬಿಸದ ಮನೆಯಾದರೆ ಸಾಕು," ಅಂದಳು.

ಅಂದಳೇನೋ ನಿಜ. ಕೈ ಮಾತ್ರ ಕೊನೆಯ ಕೊಂಡಿಯನ್ನು ಬಿಡಲೊಲ್ಲದು.

"ಇದನ್ನಿನ್ನು ಮಾರಿಬಿಡಲೇ, ಬುದ್ಧಿ?"

ಗುರುಗಳು ಸರಪಳಿಯ ಮೇಲೆ ಕೈಯಾಡಿಸಿದರು.

"ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜು, ತಾಯಿ. ಕಪ್ಪಾಗಲು ಬಿಡಬೇಡ."

ಕೇಳಿದವರು ಈ ಕಥೆಯನ್ನು ಬಾಡಿಗೆ ಮನೆಯಲ್ಲಿರುವ ಇನ್ನೊಬ್ಬರಿಗೆ ಹೇಳಿ.