ಹನ್ನೆರಡು ಗೀರು

“ಗುರುಗಳೇ, ಸುಳ್ಳು ಹೇಳದವನಿಗೂ ಪಾಪ ತಗಲುವುದುಂಟೇ?” ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ಕೆರೆಯಿತ್ತು. ಅದರ ನೀರನ್ನು ನಂಬಿ ಮೂರು ಊರುಗಳಿದ್ದವು. ಕೆರೆ ಕಾಯಲು, ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ಒಬ್ಬ ನೀರುಗಂಟಿ. ಕೆರೆಯ ಆಳದಲ್ಲಿ ಹಿರಿಯರು ನೆಟ್ಟ ಕಲ್ಲುಕಂಬ. ಅದರ ಮೇಲೆ ಬುಡದಿಂದ ತುದಿಯವರೆಗೆ ಹನ್ನೆರಡು ಗೀರು. ನಾಟಿಗೆ ಮುಂಚೆ ನೀರುಗಂಟಿ ಏರಿಯ ಮೇಲೆ ನಿಂತು, ನೀರು ಎಷ್ಟನೆಯ ಗೀರು ಮುಟ್ಟಿದೆ ಎಂದು ಕೂಗಬೇಕು. ಹನ್ನೆರಡಾದರೆ ಮೂರೂ ಊರಿನವರು ಭತ್ತ ನೆಡುತ್ತಿದ್ದರು. ಏಳೆಂಟಾದರೆ ರಾಗಿ ಬಿತ್ತಿ, ಉಳಿದ ನೀರನ್ನು ಬೇಸಿಗೆಗೆ ಇಟ್ಟುಕೊಳ್ಳುತ್ತಿದ್ದರು.

ಬೇಸಿಗೆಯಲ್ಲಿ ಮನೆಗೊಬ್ಬರಂತೆ ಹೂಳೆತ್ತುವ ಕಟ್ಟಳೆಯೂ ಇತ್ತು. ಒಂದು ವರ್ಷ ಮದುವೆಗಳ ಗಲಾಟೆಯಲ್ಲಿ ಅದು ತಪ್ಪಿತು. ಮರುವರ್ಷ ಯಾರೂ ನೆನಪು ಮಾಡಲಿಲ್ಲ. ಹಾಗೆಯೇ ವರ್ಷಗಳು ಕಳೆದವು. ನಾಲ್ಕು ದೊಡ್ಡ ಮಳೆಗೆ ತುಂಬುತ್ತಿದ್ದ ಕೆರೆ ಮೂರಕ್ಕೆ, ಆಮೇಲೆ ಎರಡಕ್ಕೇ ಕೋಡಿ ಹರಿಯತೊಡಗಿತು. ಜನ ಹಿಗ್ಗಿದರು. ಇಷ್ಟು ಬೇಗ ತುಂಬುವ ಕೆರೆಗೆ ಬುಟ್ಟಿ ಹೊರುವುದೇಕೆ ಎಂದರು. ಎಲ್ಲ ನೀರುಗಂಟಿಯ ಕೈಗುಣ ಎಂದು ಅವನ ತಲೆಗೆ ಪೇಟ ಸುತ್ತಿದರು. ಸುಗ್ಗಿಯವರೆಗೆ ನಡುನಡುವೆ ಮಳೆ ಬೀಳುತ್ತಿದ್ದುದರಿಂದ ನೀರಿನ ಕೊರತೆ ಯಾರ ಕಣ್ಣಿಗೂ ಬೀಳಲಿಲ್ಲ. ಪೇಟ ನೀರುಗಂಟಿಗೂ ಹಿತವಾಗಿಯೇ ಇತ್ತು.

ಒಂದು ವರ್ಷ ಕೆರೆ ತುಂಬಿದ ಮೇಲೆ, ಕೂಗುವ ಹಿಂದಿನ ದಿನ, ಅವನು ತೆಪ್ಪದಲ್ಲಿ ಹೋಗಿ ಕಂಬದ ಪಕ್ಕ ಬಿದಿರಿನ ಗಳು ಇಳಿಸಿ ನೋಡಿದ. ಗಳು ಬುಡದಿಂದ ಐದನೆಯ ಗೀರಿನಲ್ಲೇ ಕೆಸರಿಗೆ ತಾಗಿತು. ಏಳು ಗೀರು ನೀರು, ಉಳಿದದ್ದು ಹೂಳು. ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದ.

“ಹಾಗಾದ್ರೆ ನಾಳೆ ಎಷ್ಟು ಅಂತ ಕೂಗ್ತೀರಿ?” ಎಂದಳು ಆಕೆ.

“ಹನ್ನೆರಡು. ನೀರು ಹನ್ನೆರಡನೇ ಗೀರು ಮುಟ್ಟಿರೋದು ಸುಳ್ಳಲ್ವಲ್ಲ. ಕೆಳಗೇನಿದೆ ಅಂತ ಯಾರೂ ಕೇಳಿಲ್ಲ.”

ಹಾಗೆಯೇ ಕೂಗಿದ. ಮೂರೂ ಊರಿನವರು ಭತ್ತ ನೆಟ್ಟರು. ಆಮೇಲೆ ಒಂದು ಹನಿಯೂ ಬೀಳಲಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ತೂಬಿನಲ್ಲಿ ನೀರು ನಿಂತಿತು. ಗದ್ದೆ ಒಣಗಿತು, ಬಾವಿಗಳು ಬತ್ತಿದವು, ದನಗಳು ಕೊಟ್ಟಿಗೆಯಲ್ಲೇ ಸತ್ತವು. ಕೊನೆಗೆ ಕುಡಿಯಲು ಉಳಿದದ್ದು ಕೆರೆಯ ನಡುವಿನ ಒಂದು ಗುಂಡಿ ನೀರು. ಸುತ್ತಲಿನ ಹೂಳು ಮೇಲೆ ಒಣಗಿ ಬಿರಿದಿತ್ತು, ಒಳಗೆ ಹಸಿಯಾಗಿತ್ತು. ಅದರ ಆಳ ನೀರುಗಂಟಿಯ ಹೆಂಡತಿಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಎರಡು ದಿನದಿಂದ ತೊಟ್ಟು ನೀರಿರಲಿಲ್ಲ. ಕೊಡ ಹಿಡಿದು ಹೋದಳು. ಅರ್ಧ ದಾರಿಯಲ್ಲಿ ನೆಲ ಕುಸಿದು ಸೊಂಟದವರೆಗೆ ಹೂತುಹೋದಳು. ಕೂಗು ಕೇಳಿ ನೀರುಗಂಟಿ ಹಗ್ಗ ತರುವಷ್ಟರಲ್ಲಿ ಕೊಡ ಮಾತ್ರ ಮೇಲಿತ್ತು.

ಮೂರೂ ಊರಿನವರು ಬಂದು ಅವನಿಗೆ ಸಮಾಧಾನ ಹೇಳಿದರು. ನೀನು ಸರಿಯಾಗಿಯೇ ಕೂಗಿದ್ದೆ, ಮಳೆ ಕೈಕೊಟ್ಟಿತು ಎಂದರು. ಆಗಲೂ ಅವನು ಗಳು ಇಳಿಸಿ ನೋಡಿದ ಸಂಗತಿ ಹೇಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಆದರೂ ಅವನು ಹೇಳಿದ್ದು ನಿಜವೇ ಅಲ್ಲವೇ?” ಎಂದ.

“ಜನ ಕೇಳಿದ್ದು ನೀರೆಷ್ಟಿದೆ ಎಂದು, ಅವನು ಹೇಳಿದ್ದು ಕಲ್ಲೆಷ್ಟು ನೆನೆದಿದೆ ಎಂದು.”